ಸೈಲೋಸಿಬಿನ್ ಕೊಟ್ಟರೂ ‘ಏನೂ ಆಗಲಿಲ್ಲ’ ಅನ್ನುವವರು: ಮನೋವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ:

ನಮಸ್ತೆ ಡಾಕ್ಟರೇ. ನನ್ನ ಅಣ್ಣನ ಬಗ್ಗೆ ಕೇಳಬೇಕಿತ್ತು. ಅವನಿಗೆ 41 ವರ್ಷ. ಹನ್ನೊಂದು ವರ್ಷದಿಂದ ಡಿಪ್ರೆಶನ್ ಇದೆ. ನಾಲ್ಕು ಥರದ ಮಾತ್ರೆ ಬದಲಾಯಿಸಿ ನೋಡಿದ್ದಾಯಿತು. ಕೊನೆಗೆ ಸೈಲೋಸಿಬಿನ್ ಕೊಡುವ ಒಂದು ಟ್ರಯಲ್‌ಗೆ ಸೇರಿಕೊಂಡ. ಕೆಲವು ಜಾತಿಯ ಅಣಬೆಗಳಲ್ಲಿ ಇರುವ ಸೈಕೆಡೆಲಿಕ್ ವಸ್ತು ಅದು, ಅಂದರೆ ಸ್ವಲ್ಪ ಹೊತ್ತು ಮನಸ್ಸಿನ ಅನುಭವವನ್ನೇ ಬದಲಿಸುವಂಥದ್ದು. ಒಂದೇ ದಿನದಲ್ಲಿ ಬದುಕೇ ಬದಲಾಯಿತು ಅನ್ನುವವರ ಮಾತು ಕೇಳಿ ಕೇಳಿ ಮನೆಯವರೆಲ್ಲ ತುಂಬಾ ಆಸೆ ಇಟ್ಟುಕೊಂಡಿದ್ದೆವು.

ಅವನಿಗೆ ಏನೂ ಆಗಲಿಲ್ಲ. ಆರು ಗಂಟೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಂಗೀತ ಕೇಳುತ್ತಾ ಮಲಗಿದ್ದನಂತೆ. ಮೈ ಸ್ವಲ್ಪ ಬೆಚ್ಚಗಾಯಿತು, ಅಷ್ಟೇ ಅಂದ. ಈಗ ಐದು ವಾರ ಕಳೆದಿದೆ. ಮೊದಲಿಗಿಂತ ಮಂಕಾಗಿದ್ದಾನೆ. “ಎಲ್ಲರಿಗೂ ಕೆಲಸ ಮಾಡುವ ಔಷಧಿ ನನಗೆ ಮಾತ್ರ ಕೆಲಸ ಮಾಡಲಿಲ್ಲ. ನಾನೇ ಸರಿ ಇಲ್ಲ” ಅಂತಾನೆ. ಯಾಕೆ ಹೀಗಾಗುತ್ತದೆ? ಅವನು ಏನಾದರೂ ತಪ್ಪು ಮಾಡಿದನಾ?

ಡಾಕ್ಟರ್:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಅದೇ ನಿಮ್ಮಿಬ್ಬರನ್ನೂ ಕೊರೆಯುತ್ತಿರುವುದು. ಇಲ್ಲ, ಅವರು ಯಾವ ತಪ್ಪೂ ಮಾಡಿಲ್ಲ. “ಎಲ್ಲರಿಗೂ ಕೆಲಸ ಮಾಡುವ ಔಷಧಿ” ಅನ್ನುವುದೇ ನಿಜವಲ್ಲ.

2022ರಲ್ಲಿ ಒಂದು ದೊಡ್ಡ ಟ್ರಯಲ್‌ನ ಫಲಿತಾಂಶ ಬಂತು. ನಿಮ್ಮಣ್ಣನ ಹಾಗೆ ಮಾತ್ರೆಗಳಿಗೆ ಬಗ್ಗದ ಡಿಪ್ರೆಶನ್ ಇದ್ದ 233 ಜನ ಅದರಲ್ಲಿ ಇದ್ದರು. ಅವರನ್ನು ಮೂರು ಗುಂಪು ಮಾಡಿ 25, 10, 1 ಮಿಲಿಗ್ರಾಂ ಸೈಲೋಸಿಬಿನ್ ಒಂದೇ ಸಲ ಕೊಟ್ಟರು. ಮೂರು ವಾರದ ನಂತರ ಚೆನ್ನಾಗಿ ಸುಧಾರಿಸಿದವರು, ಅಂದರೆ ರೋಗಲಕ್ಷಣಗಳ ಅಂಕ ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿದವರು, 25 ಮಿಲಿಗ್ರಾಂ ಗುಂಪಿನಲ್ಲಿ ಶೇಕಡಾ 37. ಉಳಿದೆರಡು ಗುಂಪುಗಳಲ್ಲಿ 19 ಮತ್ತು 18. ಹನ್ನೆರಡು ವಾರದವರೆಗೂ ಆ ಸುಧಾರಣೆ ಉಳಿದದ್ದು ದೊಡ್ಡ ಡೋಸ್ ತೆಗೆದುಕೊಂಡವರಲ್ಲೂ ಶೇಕಡಾ 20 ಜನರಿಗೆ ಮಾತ್ರ. ಹಾಗಾದರೆ ಪೂರ್ತಿ ಡೋಸ್ ಸಿಕ್ಕವರಲ್ಲೂ ಸುಧಾರಿಸದವರೇ ಜಾಸ್ತಿ. ನಿಮ್ಮಣ್ಣ ಒಂಟಿ ಅಲ್ಲ.

ನೀವು ಕೇಳಿದ ಬದುಕು ಬದಲಾದ ಕಥೆಗಳೂ ಸುಳ್ಳಲ್ಲ. 2020ರಲ್ಲಿ ಬಂದ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 24 ಜನರಲ್ಲಿ 17 ಜನ ನಾಲ್ಕನೇ ವಾರದಲ್ಲಿ ಚೆನ್ನಾಗಿದ್ದರು. ಆದರೆ ಅದು ಚಿಕ್ಕ ಅಧ್ಯಯನ. ಯಾರಿಗೆ ಏನು ಸಿಗುತ್ತಿದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಬಂದವರು ಆಸೆ ಇಟ್ಟುಕೊಂಡೇ ಬಂದಿದ್ದರು. ಗೆದ್ದವರ ಕಥೆ ಊರೆಲ್ಲ ಸುತ್ತುತ್ತದೆ, ಏನೂ ಆಗದೆ ಮನೆಗೆ ಹೋದವರು ಸುಮ್ಮನೆ ಕೂರುತ್ತಾರೆ. ನಿಮ್ಮಣ್ಣ ಕೇಳಿದ್ದು ಮೊದಲಿನವರ ಮಾತು ಮಾತ್ರ.

ಈಗ ನಾನು ಎರಡು ವಿಷಯ ಕೇಳಬೇಕು. ಅವರಿಗೆ ಯಾವ ಡೋಸ್ ಸಿಕ್ಕಿತು ಅಂತ ಟ್ರಯಲ್‌ನವರು ಹೇಳಿದ್ದಾರಾ? ಟ್ರಯಲ್‌ಗೆ ಮುಂಚೆ ಯಾವ ಮಾತ್ರೆ ಎಷ್ಟು ವರ್ಷ ತೆಗೆದುಕೊಳ್ಳುತ್ತಿದ್ದರು, ಯಾವಾಗ ನಿಲ್ಲಿಸಿದರು?

ತಂಗಿ:

ಡೋಸ್ ಹೇಳಿಲ್ಲ ಡಾಕ್ಟರೇ, ಟ್ರಯಲ್ ಮುಗಿದ ಮೇಲೆ ಹೇಳುತ್ತಾರಂತೆ. ಎಸ್ಸಿಟಾಲೊಪ್ರಾಮ್ ಅನ್ನುವ ಡಿಪ್ರೆಶನ್ ಮಾತ್ರೆ ಒಂಬತ್ತು ವರ್ಷ ತೆಗೆದುಕೊಂಡಿದ್ದ. ಅವರೇ ನಿಧಾನವಾಗಿ ಕಡಿಮೆ ಮಾಡಿಸಿ, ಸೆಷನ್‌ಗೆ ಎರಡೂವರೆ ವಾರ ಮುಂಚೆ ಪೂರ್ತಿ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ನಿದ್ದೆ ಕೆಟ್ಟಿತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತೆ ಅಂತಿದ್ದ.

ಡಾಕ್ಟರ್:

ನೀವು ಬರೆದ ಈ ನಾಲ್ಕು ಸಾಲಿನಲ್ಲೇ ದೊಡ್ಡ ಉತ್ತರ ಇರಬಹುದು.

ಮೊದಲು ಡೋಸ್ ವಿಚಾರ. ಇಂಥ ಟ್ರಯಲ್‌ಗಳಲ್ಲಿ ಒಂದಷ್ಟು ಜನರಿಗೆ ಬೇಕೆಂತಲೇ ತೀರಾ ಸಣ್ಣ ಡೋಸ್ ಅಥವಾ ಬೇರೆ ಯಾವುದೋ ಮಾತ್ರೆ ಕೊಟ್ಟಿರುತ್ತಾರೆ. ಹೋಲಿಸಿ ನೋಡಲು ಅದು ಬೇಕೇ ಬೇಕು. ಮೇಲೆ ಹೇಳಿದ 1 ಮಿಲಿಗ್ರಾಂ ಅಂಥದ್ದು. ಅದರಿಂದ ಯಾರಿಗೂ ದೊಡ್ಡ ಅನುಭವ ಆಗುವುದಿಲ್ಲ. ಮೈ ಬೆಚ್ಚಗಾಯಿತು, ಅಷ್ಟೇ ಅನ್ನುವವರು ಆ ಗುಂಪಿನಲ್ಲಿ ಇದ್ದಿರಬಹುದು. ಹಾಗಾಗಿ “ಔಷಧಿ ನನ್ನ ಮೇಲೆ ಕೆಲಸ ಮಾಡಲಿಲ್ಲ” ಅನ್ನುವ ತೀರ್ಮಾನಕ್ಕೆ ಬರುವ ಮುಂಚೆ, ಔಷಧಿ ಪೂರ್ತಿ ಸಿಕ್ಕಿತ್ತಾ ಅಂತ ತಿಳಿಯಬೇಕು. ಟ್ರಯಲ್ ತಂಡಕ್ಕೆ ಫೋನ್ ಮಾಡಿ, ಡೋಸ್ ಯಾವಾಗ ತಿಳಿಸುತ್ತೀರಿ, ಸಣ್ಣ ಡೋಸ್ ಸಿಕ್ಕವರಿಗೆ ಮುಂದೆ ಪೂರ್ತಿ ಡೋಸ್ ಕೊಡುವ ಏರ್ಪಾಡು ಇದೆಯಾ ಅಂತ ಕೇಳಿ. ಕೆಲವು ಟ್ರಯಲ್‌ಗಳಲ್ಲಿ ಇರುತ್ತದೆ.

ಎರಡನೆಯದು ಎಸ್ಸಿಟಾಲೊಪ್ರಾಮ್. ಸೈಲೋಸಿಬಿನ್ ಹೊಟ್ಟೆಗೆ ಹೋದ ಮೇಲೆ ದೇಹ ಅದನ್ನು ಸೈಲೋಸಿನ್ ಆಗಿ ಬದಲಾಯಿಸುತ್ತದೆ. ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಬಂದು ಕೂರುವ ಜಾಗಗಳಿಗೆ ರಿಸೆಪ್ಟರ್ ಅನ್ನುತ್ತಾರೆ. ಆ ಸೈಲೋಸಿನ್ ಅಂಥ ಒಂದು ರಿಸೆಪ್ಟರ್ ಮೇಲೆ ಕೂರಬೇಕು. 5-ಎಚ್‌ಟಿ2ಎ ಅಂತ ಅದರ ಹೆಸರು. ಅದನ್ನು ಕುರ್ಚಿ ಅಂದುಕೊಳ್ಳಿ. ಸೈಲೋಸಿನ್ ಬಂದು ಕೂತರೆ ಮಾತ್ರ ಅನುಭವ ಶುರುವಾಗುತ್ತದೆ. ಕೆಟಾನ್ಸೆರಿನ್ ಅನ್ನುವ ಔಷಧಿ ಮೊದಲೇ ಕೊಟ್ಟು ಆ ಕುರ್ಚಿ ತುಂಬಿಸಿಬಿಟ್ಟರೆ ಸೈಲೋಸಿಬಿನ್‌ನ ಪರಿಣಾಮ ಹೆಚ್ಚುಕಡಿಮೆ ಮಾಯವಾಗುತ್ತದೆ ಅಂತ 1998ರಲ್ಲೇ ತೋರಿಸಿದ್ದಾರೆ. ಎಸ್ಸಿಟಾಲೊಪ್ರಾಮ್‌ನಂಥ ಎಸ್‌ಎಸ್‌ಆರ್‌ಐ ಮಾತ್ರೆಗಳು ಸೆರೊಟೋನಿನ್ ಅನ್ನು ಸದಾ ಜಾಸ್ತಿ ಇಟ್ಟಿರುತ್ತವೆ. ವರ್ಷಗಟ್ಟಲೆ ಹಾಗಿದ್ದರೆ ಮೆದುಳು ಕುರ್ಚಿಗಳನ್ನು ಕಡಿಮೆ ಮಾಡಿಕೊಳ್ಳಬಹುದು, ಇದ್ದವೂ ಜಡವಾಗಬಹುದು. ಮಾತ್ರೆ ನಿಲ್ಲಿಸಿದ ಮಾರನೇ ದಿನವೇ ಅವು ವಾಪಸ್ ಬರುವುದಿಲ್ಲ.

2023ರ ಒಂದು ಸಮೀಕ್ಷೆಯಲ್ಲಿ ಎಸ್‌ಎಸ್‌ಆರ್‌ಐ ಅಥವಾ ಅದೇ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಾ ಸೈಲೋಸಿಬಿನ್ ಬಳಸಿದವರಲ್ಲಿ ಸುಮಾರು ಅರ್ಧ ಜನ ಅನುಭವ ನಿರೀಕ್ಷೆಗಿಂತ ಸಪ್ಪೆ ಇತ್ತು ಅಂದಿದ್ದಾರೆ. ಮಾತ್ರೆ ಬಿಟ್ಟು ಮೂರು ತಿಂಗಳಾದರೂ ಆ ಸಪ್ಪೆತನ ಉಳಿದವರಿದ್ದರು. ನಿಮ್ಮಣ್ಣ ಒಂಬತ್ತು ವರ್ಷ ತೆಗೆದುಕೊಂಡವರು, ಬಿಟ್ಟು ಎರಡೂವರೆ ವಾರ ಆಗಿತ್ತು. ಎರಡು ವಾರ ಬಿಟ್ಟಿರಬೇಕು ಅನ್ನುವ ಟ್ರಯಲ್‌ಗಳ ನಿಯಮ ರಕ್ತದಿಂದ ಈ ಮಾತ್ರೆ ಹೋಗಲು ಸಾಕು. ಮೆದುಳು ಮೊದಲಿನ ಸ್ಥಿತಿಗೆ ಬರಲು ಎಲ್ಲರಿಗೂ ಸಾಕಾಗುವುದಿಲ್ಲ.

ಆದರೆ ಇದನ್ನೇ ಹಿಡಿದುಕೊಂಡು ಎಸ್‌ಎಸ್‌ಆರ್‌ಐ ಇದ್ದರೆ ಚಿಕಿತ್ಸೆಯೇ ದಂಡ ಅಂತ ಅಂದುಕೊಳ್ಳಬೇಡಿ. ಮಾತ್ರೆ ನಿಲ್ಲಿಸದೆ 25 ಮಿಲಿಗ್ರಾಂ ಕೊಟ್ಟ ಚಿಕ್ಕ ಅಧ್ಯಯನವೂ ಇದೆ. 19 ಜನರಲ್ಲಿ 8 ಜನ ಮೂರನೇ ವಾರದಲ್ಲಿ ಸುಧಾರಿಸಿದ್ದರು. ಆರೋಗ್ಯವಂತರಿಗೆ ಎರಡು ವಾರ ಎಸ್ಸಿಟಾಲೊಪ್ರಾಮ್ ಕೊಟ್ಟು ನೋಡಿದಾಗಲೂ ಒಳ್ಳೆಯ ಅನುಭವ ಕಡಿಮೆ ಆಗಲಿಲ್ಲ, ಆತಂಕ ಮಾತ್ರ ಕಡಿಮೆಯಾಯಿತು. ಎರಡು ವಾರಕ್ಕೂ ಒಂಬತ್ತು ವರ್ಷಕ್ಕೂ ವ್ಯತ್ಯಾಸ ಇದೆ, ನಿಜ.

ಮೂರನೆಯದು ನನಗೆ ಮುಖ್ಯ ಅನ್ನಿಸುವುದು. ಮಾತ್ರೆ ಬಿಡುವುದೇ ಒಂದು ಪೆಟ್ಟು. ನಿದ್ದೆ ಕೆಡುವುದು, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುವುದು ಎಲ್ಲ ಅದರದ್ದೇ ಲಕ್ಷಣ. ಮೈಯೂ ಮನಸ್ಸೂ ಹೀಗೆ ಸೋತಿರುವಾಗ ಸೆಷನ್‌ಗೆ ಹೋಗಿದ್ದಾರೆ. ಥೆರಪಿ ಜೊತೆ ಕೊಟ್ಟು ನೋಡುತ್ತಿರುವ ಇನ್ನೊಂದು ವಸ್ತು ಎಂಡಿಎಂಎ. ಆ ಚಿಕಿತ್ಸೆಯ ಬಗ್ಗೆ 2021ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ, ಸೇರಲೆಂದು ಈ ಬಗೆಯ ಮಾತ್ರೆ ಬಿಟ್ಟವರಿಗೆ ಉಳಿದವರಿಗಿಂತ ಕಡಿಮೆ ಪ್ರಯೋಜನ ಆಗಿತ್ತು. ಈಗ ಅವರು ಮಂಕಾಗಿರುವುದು ಚಿಕಿತ್ಸೆ ಸೋತದ್ದಕ್ಕೋ, ಒಂಬತ್ತು ವರ್ಷ ಆಸರೆಯಾಗಿದ್ದ ಮಾತ್ರೆ ಇಲ್ಲದ್ದಕ್ಕೋ? ಇದನ್ನು ಅವರ ಮನೋವೈದ್ಯರು ಈ ವಾರವೇ ಕೂತು ನೋಡಬೇಕು. ಮಾತ್ರೆ ಮತ್ತೆ ಶುರು ಮಾಡುವ ಮಾತೂ ಆಗಲೇ ಆಗಲಿ. ಟ್ರಯಲ್ ತಂಡಕ್ಕೂ ತಿಳಿಸಿ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಕೊನೆಯ ದಾರಿ ಅಂತ ನಂಬಿದ್ದು ಕೈಕೊಟ್ಟಾಗ ಮನಸ್ಸು ತುಂಬಾ ಕೆಳಗೆ ಹೋಗಬಹುದು. 2022ರ ಟ್ರಯಲ್‌ನಲ್ಲಿ ಆತ್ಮಹತ್ಯೆಯ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವುದು ಮೂರೂ ಗುಂಪಿನಲ್ಲಿ ಕಂಡಿತ್ತು. ಸಾಯುವ ಯೋಚನೆ ಬರುತ್ತಿದೆಯಾ ಅಂತ ಅಣ್ಣನನ್ನು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಬ್ಬ ಸದಸ್ಯರು:

ಮೇಡಂ, ಬರೀ ಎಸ್‌ಎಸ್‌ಆರ್‌ಐ ಮಾತ್ರವಾ, ಬೇರೆ ಮಾತ್ರೆಗಳೂ ಹೀಗೆ ಮಾಡುತ್ತವಾ? ನಾನು ಕೆಟಮಿನ್ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ಆತಂಕಕ್ಕೆ ದಿನಾ ಲೊರಾಜೆಪಾಮ್ ಇದೆ. ನಾಲ್ಕು ಸಲ ಆಯಿತು, ಅಂಥ ಬದಲಾವಣೆ ಏನೂ ಇಲ್ಲ.

ಡಾಕ್ಟರ್:

ಕೆಟಮಿನ್ ಮೂಲತಃ ಅರಿವಳಿಕೆ ಔಷಧಿ, ಈಗ ಡಿಪ್ರೆಶನ್‌ಗೂ ಕೊಡುತ್ತಾರೆ. ಅದು ಕೆಲಸ ಮಾಡುವ ದಾರಿಯೇ ಬೇರೆ. ಅದು ಹೋಗುವುದು ಗ್ಲುಟಮೇಟ್ ಅನ್ನುವ ಬೇರೊಂದು ರಾಸಾಯನಿಕದ ರಿಸೆಪ್ಟರ್‌ಗೆ. ಆದ್ದರಿಂದ ಎಸ್‌ಎಸ್‌ಆರ್‌ಐ ಅದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಆದರೆ ಲೊರಾಜೆಪಾಮ್ ಥರದ ಮಾತ್ರೆಗಳು, ಅದರಲ್ಲೂ ಡೋಸ್ ಜಾಸ್ತಿ ಇದ್ದರೆ, ಕೆಟಮಿನ್‌ನ ಪರಿಣಾಮವನ್ನು ತಗ್ಗಿಸಬಹುದು. ನಿಮ್ಮ ಡಾಕ್ಟರಿಗೆ ಇದನ್ನು ಖಂಡಿತ ಹೇಳಿ. ನೀವಾಗಿಯೇ ಒಂದೇ ಸಲಕ್ಕೆ ನಿಲ್ಲಿಸಬೇಡಿ. ದಿನಾ ತೆಗೆದುಕೊಳ್ಳುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಸೈಲೋಸಿಬಿನ್ ಮತ್ತು ಅದೇ ಬಗೆಯ ಎಲ್‌ಎಸ್‌ಡಿ ವಿಷಯದಲ್ಲಿ, ಡಿಪ್ರೆಶನ್‌ಗೆ ಕೊಡುವ ಮಿರ್ಟಾಜಪಿನ್, ಟ್ರಾಜೊಡೋನ್, ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಒಲಾಂಜಪಿನ್, ಇವೆಲ್ಲ ಆಗ ಹೇಳಿದ ಕುರ್ಚಿಯಲ್ಲಿ ತಾವೇ ಹೋಗಿ ಕೂರುತ್ತವೆ. ನಿದ್ದೆಗೆ ಅಂತ ರಾತ್ರಿ ಅರ್ಧ ಟ್ರಾಜೊಡೋನ್ ತೆಗೆದುಕೊಳ್ಳುವವರು ಅದನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಡಾಕ್ಟರ್ ಕೇಳಿದಾಗ ಹೇಳುವುದೂ ಇಲ್ಲ. ಎಂಡಿಎಂಎ ಕಥೆ ಸ್ವಲ್ಪ ಬೇರೆ. ಅದು ನರಕೋಶದೊಳಗೆ ಹೋಗಲು ಒಂದು ಬಾಗಿಲು ಬೇಕು, ಎಸ್‌ಎಸ್‌ಆರ್‌ಐ ಮುಚ್ಚುವುದು ಅದೇ ಬಾಗಿಲನ್ನು.

ಮನಸ್ಸು ತೀರಾ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದು ಸಪ್ಪೆ ಮಾಡುವುದಿಲ್ಲ, ಅಪಾಯ ತರುತ್ತದೆ. ಲಿಥಿಯಂ ಜೊತೆ ಎಲ್‌ಎಸ್‌ಡಿ ಅಥವಾ ಸೈಲೋಸಿಬಿನ್ ತೆಗೆದುಕೊಂಡವರು ತಾವೇ ಬರೆದುಕೊಂಡ ಅನುಭವಗಳನ್ನು 2021ರಲ್ಲಿ ಒಟ್ಟು ಮಾಡಿ ನೋಡಿದರು. ಹತ್ತಿರ ಅರ್ಧದಷ್ಟರಲ್ಲಿ ಫಿಟ್ಸ್ ಬಂದಿತ್ತು.

ಮತ್ತೊಬ್ಬ ಸದಸ್ಯರು:

ಹಾಗಾದರೆ ಡೋಸ್ ಜಾಸ್ತಿ ಮಾಡಿದರೆ ಆಯಿತಲ್ಲ? ನನ್ನ ತೂಕ 104 ಕೆಜಿ. ಎಲ್ಲರಿಗೂ ಅದೇ 25 ಮಿಲಿಗ್ರಾಂ ಅಂದರೆ ನನ್ನಂಥವರಿಗೆ ಸಾಲುತ್ತಾ? ಸಾಲದಿದ್ದರೆ ಮಾರನೇ ದಿನ ಇನ್ನೊಂದು ಸಲ ತೆಗೆದುಕೊಳ್ಳಬಹುದಲ್ವಾ?

ಡಾಕ್ಟರ್:

ತೂಕ ಇಲ್ಲಿ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ಹಲವು ಅಧ್ಯಯನಗಳ ಮಾಹಿತಿ ಸೇರಿಸಿ 2021ರಲ್ಲಿ ನೋಡಿದಾಗ ತೂಕಕ್ಕೂ ಅನುಭವದ ತೀವ್ರತೆಗೂ ಸಂಬಂಧ ಸಿಗಲಿಲ್ಲ. ಅದಕ್ಕೇ ಈಗ ಎಲ್ಲರಿಗೂ ಒಂದೇ ಡೋಸ್ ಕೊಡುವ ಪದ್ಧತಿ ಬಂದಿದೆ.

ಮಾರನೇ ದಿನ ತೆಗೆದುಕೊಂಡರೆ ಇನ್ನೂ ಸಪ್ಪೆ ಆಗುತ್ತದೆ. ಈ ಔಷಧಿಗಳಿಗೆ ದೇಹ ಬಹಳ ಬೇಗ ಒಗ್ಗಿಕೊಳ್ಳುತ್ತದೆ. ಎಲ್‌ಎಸ್‌ಡಿ ತೆಗೆದುಕೊಂಡಿದ್ದರೆ ಸೈಲೋಸಿಬಿನ್ ಕೂಡ ಸಪ್ಪೆ ಆಗುತ್ತದೆ, ಎರಡಕ್ಕೂ ಬೇಕಾದ್ದು ಅದೇ ಕುರ್ಚಿ.

ಮನೆಯಲ್ಲಿ ತಾವೇ ಡೋಸ್ ಏರಿಸಿಕೊಳ್ಳುವ ಯೋಚನೆ ಇದ್ದರೆ ಬೇಡ ಅಂತ ಕೇಳಿಕೊಳ್ಳುತ್ತೇನೆ. ಬಹುತೇಕ ದೇಶಗಳಲ್ಲಿ ಟ್ರಯಲ್ ಬಿಟ್ಟು ಹೊರಗೆ ಇದು ಕಾನೂನಿಗೆ ವಿರುದ್ಧ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಕೊಡುತ್ತಿದ್ದರೂ ಅನುಮತಿ ಪಡೆದ ಮನೋವೈದ್ಯರು ಮಾತ್ರ ಬರೆದುಕೊಡಬಹುದು. ಕಾನೂನು ಒಂದು ಕಡೆ ಇರಲಿ. ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾ ಇರುವವರನ್ನೂ ಹೃದಯದ ತೊಂದರೆ ಇರುವವರನ್ನೂ ಟ್ರಯಲ್‌ಗಳು ಮೊದಲೇ ಕೈಬಿಡುತ್ತವೆ. ಆ ತಪಾಸಣೆ ಮನೆಯಲ್ಲಿ ಯಾರು ಮಾಡುತ್ತಾರೆ?

ಮತ್ತೊಬ್ಬ ಸದಸ್ಯರು:

ಇದು ಜೀನ್‌ಗಳಲ್ಲೇ ಇರುತ್ತೆ ಅಂತ ಕೇಳಿದ್ದೆ. ಕೆಲವರಿಗೆ ಹುಟ್ಟಿನಿಂದಲೇ ಹತ್ತುವುದಿಲ್ಲವಂತೆ, ನಿಜವಾ?

ಡಾಕ್ಟರ್:

ಸ್ವಲ್ಪ ನಿಜ. ಎಲ್‌ಎಸ್‌ಡಿಯನ್ನು ಕರಗಿಸುವ ಒಂದು ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಅಂಥವರ ರಕ್ತದಲ್ಲಿ ಅದು ಜಾಸ್ತಿ ಹೊತ್ತು ಉಳಿಯುತ್ತದೆ. ಕುರ್ಚಿಯ ಆಕಾರವೂ ಒಬ್ಬರಿಂದ ಒಬ್ಬರಿಗೆ ಚೂರು ಬೇರೆ ಇರುತ್ತದೆ. ಆದರೆ ಯಾರಿಗೆ ಪ್ರಯೋಜನ ಆಗುತ್ತೆ, ಯಾರಿಗೆ ಇಲ್ಲ ಅಂತ ಜೀನ್ ನೋಡಿ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಅಂಥದ್ದು ಮಾರಲು ಬಂದರೆ ದುಡ್ಡು ಕೊಡಬೇಡಿ.

ಜೀನ್‌ಗಿಂತ ಸ್ವಭಾವದ ಬಗ್ಗೆ ಹೆಚ್ಚು ತಿಳಿದಿದೆ. ಹಾಡು ಕೇಳುತ್ತಾ ಸುತ್ತ ಏನಿದೆ ಅಂತಲೇ ಮರೆತುಬಿಡುವವರು ಇರುತ್ತಾರಲ್ಲ, ಈ ಮೈಮರೆಯುವ ಗುಣವನ್ನು ಅಳೆಯುವ ಪ್ರಶ್ನಾವಳಿ 1974ರಿಂದ ಇದೆ. ಅದರಲ್ಲಿ ಹೆಚ್ಚು ಅಂಕ ಬಂದವರಿಗೆ ಅನುಭವ ಗಾಢವಾಗಿ ಆಗುತ್ತದೆ. ಉಳಿದವರು ಕೆಟ್ಟವರೂ ಅಲ್ಲ, ಗಟ್ಟಿ ತಲೆಯವರೂ ಅಲ್ಲ. ಅವರಿಗೆ ತಯಾರಿಗೆ ಇನ್ನಷ್ಟು ಸಮಯ ಬೇಕಾಗಬಹುದು.

ತಂಗಿ:

ಡಾಕ್ಟರೇ, ಅಣ್ಣನ ಹತ್ತಿರ ಮಾತಾಡಿದೆ. ನೀವು ಹೇಳಿದ ಹಾಗೆ ನೇರವಾಗಿ ಕೇಳಿದೆ. ಅಂಥ ಯೋಚನೆ ಇಲ್ಲ ಅಂದ, ಬೇಜಾರು ಮಾತ್ರ ಅಂದ. ಶುಕ್ರವಾರ ಮನೋವೈದ್ಯರನ್ನು ಕಾಣುತ್ತೇವೆ. ಮೊದಲ ಸಲ ಸೆಷನ್ ಬಗ್ಗೆ ಬಿಚ್ಚಿ ಹೇಳಿದ. ನಾಲ್ಕೈದು ಸಲ ಪಟ್ಟಿ ತೆಗೆದು ಗಂಟೆ ನೋಡಿದನಂತೆ. ಪಕ್ಕದಲ್ಲಿ ಕೂತ ಥೆರಪಿಸ್ಟ್‌ಗೆ ಬೇಜಾರಾಗುತ್ತೇನೋ ಅಂತ ಮಧ್ಯೆ ಮಧ್ಯೆ ಮಾತಾಡಿಸಿದನಂತೆ. ಒಂದು ಕ್ಷಣ ಕಾಲ ಕೆಳಗಿನ ನೆಲ ಜಾರಿದ ಹಾಗಾಯಿತು, ತಕ್ಷಣ ಮಂಚದ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ ಅಂದ. ಅವನು ಮೊದಲಿಂದಲೂ ಹಾಗೇ. ಅಪ್ಪ ತೀರಿಕೊಂಡಾಗಲೂ ಅಳಲಿಲ್ಲ, ಎಲ್ಲರನ್ನೂ ಅವನೇ ಸಮಾಧಾನ ಮಾಡಿದ.

ಡಾಕ್ಟರ್:

ನೇರವಾಗಿ ಕೇಳಿದ್ದಕ್ಕೆ ನಿಮಗೆ ಧನ್ಯವಾದ. ಅದು ಸುಲಭದ ಕೆಲಸ ಅಲ್ಲ.

ನೆಲ ಜಾರಿದ ಹಾಗಾಯಿತು ಅಂದರೆ ಅವರಿಗೆ ಸಿಕ್ಕಿದ್ದು ತೀರಾ ಸಣ್ಣ ಡೋಸ್ ಅಲ್ಲದೆ ಇರಬಹುದು. ಡೋಸ್ ಏನೇ ಇರಲಿ, ಮಂಚ ಹಿಡಿದುಕೊಂಡ ಆ ಕ್ಷಣ ದೊಡ್ಡದು.

ಈ ಚಿಕಿತ್ಸೆಯಲ್ಲಿ ಒಂದು ಹಂತದಲ್ಲಿ ಹಿಡಿತ ಬಿಡಬೇಕಾಗುತ್ತದೆ. ‘ನಾನು’ ಅನ್ನುವುದೇ ಸಡಿಲವಾದ ಹಾಗೆ ಅನ್ನಿಸುತ್ತದೆ. ಹಿಡಿತ ಬಿಟ್ಟು ಅದರೊಳಗೆ ಹೋದವರಲ್ಲಿ, ಅಳು ಉಕ್ಕಿ ಬಂದು ಆಮೇಲೆ ಎದೆ ಹಗುರವಾದವರಲ್ಲಿ, ನಂತರದ ಸುಧಾರಣೆ ಹೆಚ್ಚು ಕಂಡಿದೆ. ಭಯದಲ್ಲೇ ಸಿಕ್ಕಿಕೊಂಡವರಲ್ಲಿ ಕಡಿಮೆ. ಔಷಧಿ ಬಲವಾಗಿದ್ದರೆ ಯಾರನ್ನಾದರೂ ಎಳೆದುಕೊಂಡು ಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಕಣ್ಣು ಬಿಟ್ಟು, ಗಂಟೆ ನೋಡಿ, ಮಾತಾಡಿ, ಮನಸ್ಸು ತನ್ನನ್ನು ತಾನು ದಡದಲ್ಲೇ ಇಟ್ಟುಕೊಳ್ಳಬಹುದು. ನಿಮ್ಮಣ್ಣ ಮಾಡಿದ್ದು ಅದೇ. ಮನೆಯವರನ್ನೆಲ್ಲ ಎತ್ತಿ ಹಿಡಿದ ಮನುಷ್ಯ ಆರು ಗಂಟೆಗಾಗಿ ಕೈ ಬಿಡು ಅಂದರೆ ಹೇಗೆ ಬಿಡುತ್ತಾರೆ? ಆ ಹಿಡಿತ ಅವರನ್ನು ಇಷ್ಟು ವರ್ಷ ಕಾಪಾಡಿದೆ. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇದರಲ್ಲಿ ತಂಡದ ಪಾಲೂ ಇದೆ. ರೋಗಿ ಮತ್ತು ಥೆರಪಿಸ್ಟ್ ನಡುವೆ ನಂಬಿಕೆ ಎಷ್ಟು ಬೆಳೆದಿದೆ ಅನ್ನುವುದು ಅನುಭವದ ಆಳವನ್ನೂ ನಂತರದ ಸುಧಾರಣೆಯನ್ನೂ ಪ್ರಭಾವಿಸುತ್ತದೆ. ಥೆರಪಿಸ್ಟ್‌ಗೆ ಬೇಜಾರಾಗುತ್ತೇನೋ ಅಂತ ರೋಗಿ ಯೋಚಿಸುತ್ತಿದ್ದಾರೆ ಅಂದರೆ, ಆ ನಂಬಿಕೆ ಬೆಳೆಯುವಷ್ಟು ಭೇಟಿಗಳು ಮುಂಚೆ ನಡೆದಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮತ್ತೊಬ್ಬ ಸದಸ್ಯರು:

ನನ್ನದು ಉಲ್ಟಾ ಡಾಕ್ಟರೇ. ನನಗೆ ಅದ್ಭುತ ಅನುಭವ ಆಯಿತು. ಅತ್ತೆ, ನಕ್ಕೆ, ಎಲ್ಲವೂ ಒಂದೇ ಅನ್ನಿಸಿತು. ಒಂದು ತಿಂಗಳು ಚೆನ್ನಾಗಿದ್ದೆ. ಈಗ ಮತ್ತೆ ಅದೇ ಸ್ಥಿತಿ. ಇದೂ ಸೋಲೇ ಅಲ್ವಾ?

ಡಾಕ್ಟರ್:

ನೀವು ಕೇಳಿದ್ದು ಒಳ್ಳೆಯದಾಯಿತು, ಈ ಎರಡನ್ನೂ ಜನ ಒಂದೇ ಅಂದುಕೊಂಡಿದ್ದಾರೆ. ಅನುಭವ ಸಪ್ಪೆ ಆಗುವುದು ಬೇರೆ, ಪ್ರಯೋಜನ ಸಪ್ಪೆ ಆಗುವುದು ಬೇರೆ. ದೊಡ್ಡ ಅನುಭವ ಆಗಿಯೂ ಡಿಪ್ರೆಶನ್ ವಾಪಸ್ ಬರುವವರಿದ್ದಾರೆ. ಅನುಭವವೇ ಆಗದೆ ಸುಧಾರಿಸಿದವರೂ ಇದ್ದಾರೆ. ಟ್ರಾಜೊಡೋನ್ ತೆಗೆದುಕೊಳ್ಳುತ್ತಿದ್ದ ಒಬ್ಬ ರೋಗಿಗೆ ಸೈಲೋಸಿಬಿನ್‌ನಿಂದ ಯಾವ ದೃಶ್ಯವೂ ಕಾಣಲಿಲ್ಲ, ಆದರೂ ಡಿಪ್ರೆಶನ್ ಇಳಿಯಿತು ಅಂತ 2023ರಲ್ಲಿ ವರದಿಯಾಗಿದೆ. ಅನುಭವ ಬೇಕೇ ಬೇಕಾ ಅನ್ನುವುದರ ಬಗ್ಗೆ ಸಂಶೋಧಕರು ಈಗಲೂ ವಾದ ಮಾಡುತ್ತಿದ್ದಾರೆ.

ಒಂದು ತಿಂಗಳು ಚೆನ್ನಾಗಿದ್ದಿರಿ ಅಂದರೆ ನಿಮ್ಮ ಮೆದುಳಿಗೆ ಚೆನ್ನಾಗಿರಲು ಆಗುತ್ತದೆ ಅಂತ ಆಯಿತಲ್ಲ. ಅದನ್ನು ಸೋಲು ಅನ್ನಬೇಡಿ. ಆ ತಿಂಗಳಲ್ಲಿ ಏನೇನು ಬೇರೆ ಮಾಡಿದಿರಿ, ಯಾರ ಜೊತೆ ಮಾತಾಡಿದಿರಿ, ಯಾವಾಗ ಎದ್ದಿರಿ, ಯಾವ ವಾರದಿಂದ ಇಳಿಯಲು ಶುರುವಾಯಿತು, ಎಲ್ಲ ಬರೆದಿಟ್ಟುಕೊಂಡು ಥೆರಪಿಸ್ಟ್ ಹತ್ತಿರ ಹೋಗಿ. ಸೆಷನ್ ನಂತರದ ಭೇಟಿಗಳು ಎಷ್ಟು ನಡೆದವು? ಒಂದೆರಡಕ್ಕೆ ನಿಲ್ಲಿಸಿದ್ದರೆ ಅದೇ ಕಾರಣ ಇರಬಹುದು.

ಅಣ್ಣ:

ನಮಸ್ಕಾರ ಡಾಕ್ಟರ್. ಇಷ್ಟು ಹೊತ್ತು ಮಾತಾಡುತ್ತಿದ್ದದ್ದು ನನ್ನ ಬಗ್ಗೆ. ತಂಗಿ ಎಲ್ಲ ಓದಿಸಿದಳು. ಒಂದು ಪ್ರಶ್ನೆ ಇದೆ. ನಾನು ಅವಳಿಗೆ ಹೇಳಿರಲಿಲ್ಲ. ಮಂಚ ಹಿಡಿದುಕೊಳ್ಳುವ ಮುಂಚೆ ಅಪ್ಪನ ಕೈ ಕಂಡ ಹಾಗಾಯಿತು. ಬೆರಳು, ಉಗುರು ಎಲ್ಲ. ಒಂದೆರಡು ಸೆಕೆಂಡ್ ಇರಬಹುದು. ಇದು ಲೆಕ್ಕಕ್ಕೆ ಬರುತ್ತಾ?

ಡಾಕ್ಟರ್:

ಬರುತ್ತದೆ. ಅದಕ್ಕೆ ದೊಡ್ಡ ಅರ್ಥ ಹುಡುಕಲು ಈಗಲೇ ಹೋಗಬೇಡಿ. ಶುಕ್ರವಾರ ಮನೋವೈದ್ಯರ ಹತ್ತಿರ ಮಾತ್ರೆಯ ವಿಷಯ ಮುಗಿಸಿಕೊಳ್ಳಿ. ಮೊದಲು ನಿದ್ದೆ ಸರಿಹೋಗಲಿ. ಆಮೇಲೆ ಟ್ರಯಲ್‌ನ ಥೆರಪಿಸ್ಟ್‌ಗೆ ಫೋನ್ ಮಾಡಿ, ಇನ್ನೊಂದು ಭೇಟಿ ಬೇಕು ಅಂತ ಕೇಳಿ. ಹೋದಾಗ ನಮಗೆ ಬರೆದಷ್ಟನ್ನೇ ಹೇಳಿದರೂ ಸಾಕು: ಬೆರಳು, ಉಗುರು, ಮಂಚದ ಅಂಚು. ಅವರಿಗೆ ಬೇಜಾರಾಗುತ್ತೇನೋ ಅಂತ ಈ ಸಲ ಯೋಚಿಸಬೇಡಿ.